ಬಿಡದಿಯಿಂದ ಸಂಪಾಜೆಗೆ: ಇಳಿಜಾರಿನಲ್ಲಿ ಕೂಗಿದ ಎಂಜಿನ್

ಬೆಂಗಳೂರಿನಿಂದ ಹೊರಟು ಮೈಸೂರು, ಹುಣಸೂರು, ಕುಶಾಲನಗರ, ಮಡಿಕೇರಿಗಳನ್ನು ಹಾದು, ಸುಳ್ಯ, ಪುತ್ತೂರುಗಳ ಮೂಲಕ ಬಂಟ್ವಾಳದ ಕಡೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ಬಹುರೂಪಿ ರಸ್ತೆ. ಮಹಾನಗರದ ಉಸಿರುಗಟ್ಟಿಸುವ ದಟ್ಟಣೆ, ದಾರ ಹಿಡಿದಂತೆ ನೇರವಾದ ಆರು ಪಥ, ಬಯಲಿನ ಸಣ್ಣ ಏರಿಳಿತ, ಕೊನೆಗೆ ಪಶ್ಚಿಮ ಘಟ್ಟದ ಇಳಿಜಾರು, ಇಷ್ಟೂ ಒಂದೇ ಹಗಲಿನಲ್ಲಿ ಎದುರಾಗುತ್ತವೆ. ವಾಹನವೊಂದರ ಗುಣದೋಷ ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಆ ಪ್ರಯೋಗಶಾಲೆಗೆ ದಸರಾ ರಜೆಯಲ್ಲಿ ಇಳಿದದ್ದು ಬೆಂಗಳೂರಿನ ಒಂದು ಕುಟುಂಬ. ಅಪ್ಪ, ಅಮ್ಮ, ಎರಡನೇ ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ಮತ್ತು ಚಿಕ್ಕಪ್ಪ. ಗುರಿ ಸುಳ್ಯದ ಬಳಿಯ ಅಜ್ಜಿಮನೆ. ಕಾರು ಚಿಕ್ಕಪ್ಪನದು, ಕೊಂಡು ವರ್ಷವಾದ ಹೈಬ್ರಿಡ್. ಅಪ್ಪನ ಪೆಟ್ರೋಲ್ ಕಾರಿಗೆ ವಯಸ್ಸಾಗಿದೆ. ಇಂಥದ್ದೇ ಹೊಸದೊಂದನ್ನು ಕೊಳ್ಳುವ ಮನಸ್ಸು ಅವರಿಗೆ. ಆದರೆ ಮುಂದಿನ ವರ್ಷ ಮಗಳ ಕಾಲೇಜಿನ ಶುಲ್ಕವೂ ಬಾಗಿಲಲ್ಲಿ ನಿಂತಿದೆ. ಹಾಗಾಗಿ ಈ ಪ್ರಯಾಣ ಬರೀ ವಿಹಾರವಲ್ಲ, ಒಂದು ಪರೀಕ್ಷೆ. ಲೆಕ್ಕ ಬರೆಯುವ ಕೆಲಸ ಮಗಳಿಗೆ ಬಂತು.

ತಟ್ಟೆ ಇಡ್ಲಿಯ ಊರಿನಲ್ಲಿ

ಬೆಳಗಿನ ಜಾವ ಹೊರಟರೂ ಕೆಂಗೇರಿ ದಾಟುವುದರೊಳಗೆ ದಟ್ಟಣೆ ಶುರುವಾಗಿತ್ತು. ಸಿಗ್ನಲ್ ಬಂದಾಗಲೆಲ್ಲ ಕಾರಿನ ಎಂಜಿನ್ ತಾನಾಗಿಯೇ ನಿಲ್ಲುತ್ತಿತ್ತು. ಹಸಿರು ದೀಪ ಹೊತ್ತಿದಾಗ ಸದ್ದಿಲ್ಲದೆ ಬ್ಯಾಟರಿಯ ಬಲದಿಂದ ಹೊರಡುತ್ತಿತ್ತು. ಪಕ್ಕದ ಕಾರುಗಳು ನಿಂತಲ್ಲೇ ಪೆಟ್ರೋಲ್ ಸುಡುತ್ತಿದ್ದರೆ ಇದು ಸುಮ್ಮನೆ ಕಾಯುತ್ತಿತ್ತು. ಹೈಬ್ರಿಡ್ ಕಾರಿನ ನಿಜವಾದ ಗೆಲುವು ಇಲ್ಲೇ, ಊರೊಳಗೆ.

ತಿಂಡಿಗೆ ಬಿಡದಿಯಲ್ಲಿ ನಿಲುಗಡೆ. ತಟ್ಟೆ ಇಡ್ಲಿಗೆ ಹೆಸರಾದ ಈ ಊರು ಈಗ ಕಾರಿನ ಊರೂ ಹೌದು. ಟೊಯೋಟ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪನೆಯಾಗಿ, ಇಲ್ಲಿನ ಕಾರ್ಖಾನೆಯ ಮೊದಲ ವಾಹನ ಕ್ವಾಲಿಸ್ 2000ದಲ್ಲಿ ರಸ್ತೆಗಿಳಿಯಿತು. 2022ರಲ್ಲಿ ಇದೇ ಕಾರ್ಖಾನೆಯಿಂದ ಎರಡು ಹೆಸರಿನ ಅವಳಿಗಳು ಹೊರಬಂದವು. ಒಂದು ಟೊಯೋಟದ ಹೈರೈಡರ್, ಇನ್ನೊಂದು ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರ. ಮುಖಚಹರೆ ಬೇರೆ, ಒಡಲು ಒಂದೇ. ಚಿಕ್ಕಪ್ಪನ ಕಾರು ಈ ಅವಳಿಗಳಲ್ಲಿ ಒಂದು. ಅಂದರೆ ಅದು ಹುಟ್ಟಿದ ಊರಿನ ಮುಂದೆಯೇ ಅಂದು ಇಡ್ಲಿಗಾಗಿ ನಿಂತಿತ್ತು.

ಒಳಗಿರುವುದೇನು? 1,490 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಜೊತೆಗೊಂದು ವಿದ್ಯುತ್ ಮೋಟಾರು, ಹಿಂಭಾಗದಲ್ಲಿ 0.76 ಯೂನಿಟ್ ಹಿಡಿಸುವ ಲೀಥಿಯಂ ಅಯಾನ್ ಬ್ಯಾಟರಿ. ಯೂನಿಟ್ ಎಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್, ಕಿಲೋವಾಟ್ ಗಂಟೆ. ಎಂಜಿನ್ ಕೆಲಸ ಮಾಡುವುದು ಆಟ್ಕಿನ್ಸನ್ ಚಕ್ರದಲ್ಲಿ. 1882ರಲ್ಲಿ ಇಂಗ್ಲೆಂಡಿನ ಜೇಮ್ಸ್ ಆಟ್ಕಿನ್ಸನ್ ಯೋಚಿಸಿದ ಈ ವಿಧಾನದಲ್ಲಿ ಅನಿಲವನ್ನು ಒತ್ತುವ ದೂರ ಕಡಿಮೆ, ಸುಟ್ಟ ಅನಿಲ ಹಿಗ್ಗುವ ದೂರ ಹೆಚ್ಚು. ಅದರಿಂದ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಒದಗುತ್ತದೆ, ಆದರೆ ಎಂಜಿನ್ನಿನ ಕಸುವು ತುಸು ಕುಗ್ಗುತ್ತದೆ. ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟಾರು ಜನರೇಟರ್ ಆಗಿ, ಬಿಸಿಯಾಗಿ ವ್ಯರ್ಥವಾಗಬೇಕಿದ್ದ ಚಲನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ.

ನೇರ ದಾರಿಯಲ್ಲಿ ಪ್ರತಿಸ್ಪರ್ಧಿಗಳು

ಬಿಡದಿಯ ನಂತರ ದಾರಿಯ ಸ್ವಭಾವವೇ ಬದಲು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗೆ ಸರಿಸಿ ಸಾಗುತ್ತದೆ. ರಾಮನಗರದ ಬಂಡೆಗಳು ದೂರದಿಂದ ಕಾಣುತ್ತವೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಕಾಣುವುದಿಲ್ಲ. ಮದ್ದೂರು ವಡೆ ಬೇಕೆಂದರೆ ಹೆದ್ದಾರಿ ಬಿಟ್ಟು ಕೆಳಗಿಳಿಯಬೇಕು. ಸಮಯ ಉಳಿಯಿತು, ಊರುಗಳು ತಪ್ಪಿದವು.

ಇಲ್ಲಿ ಹೈಬ್ರಿಡ್‌ನ ಮೇಲುಗೈಯೂ ಸಡಿಲವಾಗುತ್ತದೆ. ಒಂದೇ ವೇಗದಲ್ಲಿ ಓಡುವಾಗ ಬ್ರೇಕ್ ಹಾಕುವ ಪ್ರಸಂಗವೇ ಕಡಿಮೆ, ಮರಳಿ ಪಡೆಯಲು ಶಕ್ತಿಯೇ ಇಲ್ಲ. ಗಂಟೆಗೆ 100 ಕಿಲೋಮೀಟರಿನಲ್ಲಿ ಗಾಳಿಯ ತಡೆಯನ್ನು ಸೀಳುವ ಕೆಲಸ ಬಹುಪಾಲು ಎಂಜಿನ್ನಿನದೇ. ತೆರೆಯ ಮೇಲೆ ಮೈಲೇಜಿನ ಅಂಕಿ ನಿಧಾನವಾಗಿ ಇಳಿಯುತ್ತಿದ್ದುದನ್ನು ಮಗಳು ಗುರುತು ಹಾಕಿಕೊಂಡಳು.

ಕಂಪನಿಗಳು ಪ್ರಕಟಿಸುವ ಪರೀಕ್ಷಾ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಚಿತ್ರ ಹೀಗಿದೆ. ಬಿಡದಿಯ ಅವಳಿಗಳ ಪೂರ್ಣ ಹೈಬ್ರಿಡ್ ಲೀಟರಿಗೆ 27.97 ಕಿಲೋಮೀಟರ್. ಅದೇ ವ್ಯವಸ್ಥೆಯೊಂದಿಗೆ 2025ರಲ್ಲಿ ಬಂದ ಮಾರುತಿಯ ವಿಕ್ಟೋರಿಸ್ 28.65. ತಮಿಳುನಾಡಿನ ಶ್ರೀಪೆರಂಬದೂರಿನ ಬಳಿ ತಯಾರಾಗುವ ಹ್ಯುಂಡೈ ಕ್ರೆಟಾ ಮ್ಯಾನುಯಲ್ ಗೇರಿನ 1.5 ಲೀಟರ್ ಪೆಟ್ರೋಲಿನಲ್ಲಿ 17.4, ಡೀಸೆಲಿನಲ್ಲಿ 21.8. ರಾಜಸ್ಥಾನದ ಟಪೂಕರಾದಿಂದ ಬರುವ ಹೋಂಡಾ ಎಲಿವೇಟ್ ಮ್ಯಾನುಯಲ್‌ನಲ್ಲಿ 15.31. ಇವೆಲ್ಲ ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಓಡಿಸಿ ಪಡೆದ ಅಂಕಿಗಳು. ರಸ್ತೆಯಲ್ಲಿ ಎಲ್ಲವೂ ಕಡಿಮೆಯಾಗುತ್ತವೆ. ಆದರೂ ಸಾಲಿನ ಕ್ರಮ ತಿಳಿಯಲು ಇಷ್ಟು ಸಾಕು.

ಇಳಿಜಾರಿನ ಒಗಟು

ಮೈಸೂರು ದಾಟಿ, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳನ್ನು ಹಾದು, ಬೈಲಕುಪ್ಪೆಯ ಟಿಬೆಟನ್ ಬಾವುಟಗಳನ್ನು ನೋಡಿ, ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಕೊಡಗು. ಅಲ್ಲಿಂದ ಏರು. ಕಾಫಿ ತೋಟದ ನೆರಳಿನಲ್ಲಿ ತಿರುಗಿ ತಿರುಗಿ ರಸ್ತೆ ಮಡಿಕೇರಿಗೆ ಹತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಈ ಊರು ನೀರಿಗೂ ಗಡಿ. ಪೂರ್ವಕ್ಕೆ ಬಿದ್ದ ಮಳೆ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಪಯಸ್ವಿನಿಯಾಗಿ ಸುಳ್ಯದ ಮೂಲಕ ಅರಬ್ಬಿ ಸಮುದ್ರಕ್ಕೆ.

ಮಡಿಕೇರಿಯಿಂದ ಸಂಪಾಜೆಗೆ ಸುಮಾರು 28 ಕಿಲೋಮೀಟರ್ ಬಹುತೇಕ ಇಳಿಜಾರೇ. ಮಂಜು, ಜಿನುಗು ಮಳೆ, ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ. ಚಿಕ್ಕಪ್ಪ ನಿಧಾನವಾಗಿ ಇಳಿಸುತ್ತಿದ್ದರು. ತೆರೆಯ ಮೇಲೆ ಬ್ಯಾಟರಿಯ ಗೆರೆಗಳು ಒಂದೊಂದಾಗಿ ತುಂಬುತ್ತಿದ್ದವು. ಎಂಜಿನ್ ಮೌನ. ಪುಕ್ಕಟೆ ಸಿಕ್ಕ ಕರೆಂಟು ಎಂದು ಅಪ್ಪನಿಗೆ ಖುಷಿ. ಆದರೆ ಮದೆನಾಡು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇದ್ದಕ್ಕಿದ್ದಂತೆ ಎಂಜಿನ್ ಜೋರಾಗಿ ಕೂಗತೊಡಗಿತು. ಯಾರೂ ಆಕ್ಸಿಲರೇಟರ್ ತುಳಿದಿರಲಿಲ್ಲ.

"ಏನೋ ಇದು, ಕೆಟ್ಟುಹೋಯಿತೇ?" ಅಪ್ಪ ಗಾಬರಿಯಾದರು.

"ಇಲ್ಲ ಅಣ್ಣ, ಘಟ್ಟ ಇಳಿಯುವಾಗ ಯಾವಾಗಲೂ ಹೀಗೇ. ಯಾಕೆಂದು ಮಾತ್ರ ಗೊತ್ತಿಲ್ಲ" ಎಂದರು ಚಿಕ್ಕಪ್ಪ.

ಹಿಂದಿನ ಸೀಟಿನಲ್ಲಿ ಮಗಳು ಪುಸ್ತಕ ತೆರೆದಿದ್ದಳು. ಒಂಬತ್ತನೆಯ ತರಗತಿಯಿಂದ ಎಲ್ಲರೂ ಬಾಯಿಪಾಠ ಮಾಡುವ ಸೂತ್ರವೇ ಸಾಕಿತ್ತು. ಪ್ರಚ್ಛನ್ನ ಶಕ್ತಿ ಎಂದರೆ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ. ನಾಲ್ವರು ಮತ್ತು ಸಾಮಾನು ಸೇರಿ ಕಾರು 1,600 ಕಿಲೋಗ್ರಾಂ, ಇಳಿಯುವ ಎತ್ತರ 1,000 ಮೀಟರ್ ಎಂದಿಟ್ಟುಕೊಳ್ಳೋಣ. 1,600 ಗುಣಿಸು 9.8 ಗುಣಿಸು 1,000. ಬಂದದ್ದು ಸುಮಾರು 157 ಲಕ್ಷ ಜೌಲ್. 36 ಲಕ್ಷ ಜೌಲಿಗೆ ಒಂದು ಯೂನಿಟ್. ಅಂದರೆ ಸುಮಾರು 4.4 ಯೂನಿಟ್.

"ಅಪ್ಪಾ, ಗುಡ್ಡ ಕೊಡುತ್ತಿರುವುದು ನಾಲ್ಕು ಯೂನಿಟ್ಟಿಗೂ ಹೆಚ್ಚು. ಬ್ಯಾಟರಿ ಹಿಡಿಸುವುದು ಮುಕ್ಕಾಲು ಯೂನಿಟ್. ಗಾಳಿ, ಟಯರಿನ ಉಜ್ಜಾಟಕ್ಕೆ ಅರ್ಧ ಹೋಯಿತೆಂದರೂ ಮಿಕ್ಕದ್ದು ಎಲ್ಲಿಗೆ ಹೋಗಬೇಕು?"

ಒಗಟು ಬಿಡಿಸಿದಂತಾಯಿತು. ಕೊಡ ತುಂಬಿದ ಮೇಲೆ ನಲ್ಲಿಯ ನೀರು ಚೆಲ್ಲಲೇಬೇಕು. ಬ್ಯಾಟರಿ ತುಂಬಿದಾಗ ಹೆಚ್ಚಿನ ವಿದ್ಯುತ್ತಿನಿಂದ ಕಾರು ತನ್ನದೇ ಎಂಜಿನ್ನನ್ನು ತಿರುಗಿಸುತ್ತದೆ. ಪೆಟ್ರೋಲ್ ಒಳಗೆ ಹೋಗುವುದಿಲ್ಲ. ಎಂಜಿನ್ ಬರೀ ಗಾಳಿಯನ್ನು ಎಳೆದು ಒತ್ತುತ್ತಾ ವೇಗವನ್ನು ತಡೆಯುತ್ತದೆ. ಹಳೆಯ ಲಾರಿ ಚಾಲಕರು ಎರಡನೇ ಗೇರಿನಲ್ಲಿ ಘಟ್ಟ ಇಳಿಸುತ್ತಿದ್ದುದೂ ಇದೇ ತತ್ವದಿಂದ. ಬ್ರೇಕು ಕಾಯ್ದು ಕೈಕೊಡದಂತೆ ಕಾಪಾಡುವ ಉಪಾಯ ಅದು. ಆ ಕೂಗು ರೋಗವಲ್ಲ, ಎಚ್ಚರ.

ಹಾಗಾದರೆ ದೊಡ್ಡ ಬ್ಯಾಟರಿ ಇಡಬಾರದೇ? ಇಡಬಹುದು. ಭಾರ ಏರುತ್ತದೆ, ಬೆಲೆ ಏರುತ್ತದೆ, ಜಾಗ ಹೋಗುತ್ತದೆ. 2025ರ ಜನವರಿಯಲ್ಲಿ ಬಂದ ವಿದ್ಯುತ್ ಕ್ರೆಟಾದಲ್ಲಿ 42 ಅಥವಾ 51.4 ಯೂನಿಟ್ಟಿನ ಬ್ಯಾಟರಿ ಇದೆ. ಅದು ಈ ಘಟ್ಟದ ಇಳಿಜಾರನ್ನೆಲ್ಲ ನುಂಗಿ ಇನ್ನೂ ಬೇಕೆನ್ನುತ್ತದೆ. ಆದರೆ ಮಡಿಕೇರಿಯಲ್ಲಿ ಅದನ್ನು ಪೂರ್ತಿ ಚಾರ್ಜ್ ಮಾಡಿ ಹೊರಟರೆ ಅದಕ್ಕೂ ಇದೇ ಗತಿ. ತುಂಬಿದ ಪಾತ್ರೆ ಚಿಕ್ಕದಾದರೇನು, ದೊಡ್ಡದಾದರೇನು?

ಜೋಡುಪಾಲ ಬಂದಾಗ ಮಾತು ನಿಂತಿತು. 2018ರ ಆಗಸ್ಟ್‌ನಲ್ಲಿ ಇಲ್ಲಿನ ಗುಡ್ಡಗಳು ಎಡೆಬಿಡದ ಮಳೆಗೆ ಕುಸಿದು ಮನೆ, ತೋಟ, ಜೀವಗಳನ್ನು ಕೊಚ್ಚಿಕೊಂಡು ಹೋದವು. ಈ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಣ್ಣಿಗೂ ನೀರು ಹಿಡಿಯುವ ಮಿತಿಯೊಂದಿದೆ. ಗಾಯಗಳ ಮೇಲೆ ಈಗ ಹಸಿರು ಬೆಳೆದಿದೆ. ಅಮ್ಮ ಕಿಟಕಿಯಿಂದ ಕೈಮುಗಿದರು.

ಅಜ್ಜಿಯ ಪ್ರಶ್ನೆ

ಕೊಯನಾಡು, ಸಂಪಾಜೆ ದಾಟಿ ಅಡಕೆ ತೋಟಗಳ ನಡುವಿನ ಮನೆ ತಲುಪಿದಾಗ ಸಂಜೆ. ಅಜ್ಜಿ ಕಾರಿಗೆ ಒಂದು ಸುತ್ತು ಬಂದರು.

"ಚಂದ ಉಂಟು. ಹಿಂದೆ ಚೀಲ ಎಷ್ಟು ಹಿಡಿಯುತ್ತದೆ?"

ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು. ಬ್ಯಾಟರಿ ಹಿಂದೆ ಕುಳಿತಿರುವುದರಿಂದ ಈ ಹೈಬ್ರಿಡ್‌ಗಳ ಡಿಕ್ಕಿಯ ಜಾಗ 265 ಲೀಟರ್ ಮಾತ್ರ. ಕ್ರೆಟಾದಲ್ಲಿ 433, ಎಲಿವೇಟ್‌ನಲ್ಲಿ 458. ಮರಳುವ ದಿನ ತೆಂಗಿನಕಾಯಿಯ ಒಂದು ಗೋಣಿ ಹಿಂದೆ ಹೋಯಿತು, ಇನ್ನೊಂದು ಮಗಳ ಕಾಲ ಬುಡಕ್ಕೆ ಬಂತು. ಹಲಸಿನ ಹಪ್ಪಳದ ಡಬ್ಬ ಅಮ್ಮನ ಮಡಿಲಲ್ಲಿ ಕುಳಿತಿತು.

ಏರುವಾಗ ಲೆಕ್ಕ ತಿರುಗುಮುರುಗು. ಗುಡ್ಡ ಕೊಟ್ಟಿದ್ದನ್ನು ಈಗ ವಾಪಸು ಕೇಳುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದೆ. ಎಂಜಿನ್ ಅದರಲ್ಲಿ ಮೂರನೇ ಒಂದು ಪಾಲನ್ನು ಕೆಲಸವಾಗಿಸಿದರೂ, ಬರೀ ಎತ್ತರ ಏರಲು ಸುಮಾರು ಒಂದೂವರೆ ಲೀಟರ್ ಬೇಕು. ಬ್ಯಾಟರಿಯ ಮುಕ್ಕಾಲು ಯೂನಿಟ್ ಮೊದಲ ಕೆಲವು ತಿರುವುಗಳಲ್ಲೇ ಕರಗಿತು. ಆಮೇಲೆ ಮೂರು ಸಿಲಿಂಡರಿನ ಎಂಜಿನ್ ಒಂಟಿಯಾಗಿ ಏದುಸಿರು ಬಿಟ್ಟಿತು. ಹಿಂದಿನಿಂದ ಬಂದ ಡೀಸೆಲ್ ಕಾರೊಂದು ಸಲೀಸಾಗಿ ದಾಟಿಹೋಯಿತು. ಹತ್ತುವುದರಲ್ಲಿ ಡೀಸೆಲಿನ ತಿರುಗುಬಲಕ್ಕೆ ಇಂದಿಗೂ ಬೆಲೆಯಿದೆ.

ಕೊನೆಯ ಪುಟ

ಮಡಿಕೇರಿಯಲ್ಲಿ ಕಾಫಿಗೆ ನಿಂತಾಗ ಮಗಳು ಕೊನೆಯ ಪುಟ ತೆರೆದಳು. ಅದೇ ಗಾತ್ರದ ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್‌ಗೆ 2 ಲಕ್ಷ ರೂಪಾಯಿ ಹೆಚ್ಚು. ಪೆಟ್ರೋಲ್ ಲೀಟರಿಗೆ 100 ರೂಪಾಯಿ. ರಸ್ತೆಯಲ್ಲಿ ಒಂದು 16 ಕಿಲೋಮೀಟರ್ ಕೊಟ್ಟರೆ ಇನ್ನೊಂದು 24. ಹೀಗೆಂದು ಇಟ್ಟುಕೊಂಡು ಲೆಕ್ಕ ಹಾಕಿದ್ದಳು.

ಚಿಕ್ಕಪ್ಪ ವರ್ಷಕ್ಕೆ 20,000 ಕಿಲೋಮೀಟರ್ ಓಡುತ್ತಾರೆ, ಅದೂ ಬೆಂಗಳೂರಿನ ದಟ್ಟಣೆಯಲ್ಲೇ ಹೆಚ್ಚು. ಅವರಿಗೆ ವರ್ಷಕ್ಕೆ ಸುಮಾರು 417 ಲೀಟರ್ ಉಳಿತಾಯ, ಐದು ವರ್ಷದೊಳಗೆ ಹೆಚ್ಚುವರಿ ಹಣ ವಾಪಸು. ಅಪ್ಪ ಕಚೇರಿಗೆ ಹೋಗುವುದು ಮೆಟ್ರೋದಲ್ಲಿ. ಅವರ ಕಾರು ವರ್ಷಕ್ಕೆ 6,000 ಕಿಲೋಮೀಟರ್ ಓಡಿದರೆ ಹೆಚ್ಚು. ಉಳಿಯುವುದು 125 ಲೀಟರ್, ಅಂದರೆ 12,500 ರೂಪಾಯಿ. 2 ಲಕ್ಷ ಹಿಂತಿರುಗಲು 16 ವರ್ಷ ಬೇಕು.

"ಅಷ್ಟರೊಳಗೆ ನನ್ನ ಓದು ಮುಗಿದು ನಾನೇ ಒಂದು ಕಾರು ಕೊಂಡಿರುತ್ತೇನೆ ಅಪ್ಪಾ" ಎಂದಳು.

ಅಪ್ಪ ಪುಸ್ತಕವನ್ನು ಕೈಗೆ ತೆಗೆದುಕೊಂಡು ಭಾಗಾಕಾರವನ್ನು ಇನ್ನೊಮ್ಮೆ ಮಾಡಿನೋಡಿದರು. ತಪ್ಪಿರಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿ, "ನಿನಗೆ ಇದು ಸರಿಯಾದ ಕಾರೇ. ನನಗೆ ಹಳೆಯದೇ ಇನ್ನೆರಡು ವರ್ಷ ನಡೆಯಲಿ" ಎಂದರು.

ಕಾರು ಒಂದೇ, ರಸ್ತೆಯೂ ಒಂದೇ, ಉತ್ತರ ಎರಡು. ಎರಡೂ ಸರಿ. ಯಾವ ಕಾರು ಒಳ್ಳೆಯದು ಎಂದು ಅಂಗಡಿಯಲ್ಲಿ ಕೇಳುವ ಮೊದಲು, ವರ್ಷಕ್ಕೆ ಎಷ್ಟು ದೂರ, ಎಂಥ ದಾರಿಯಲ್ಲಿ, ಎಷ್ಟು ಚೀಲದೊಂದಿಗೆ ಎಂಬ ಮೂರು ಪ್ರಶ್ನೆಗಳನ್ನು ಮನೆಯಲ್ಲೇ ಕೇಳಿಕೊಳ್ಳುವುದು ಲೇಸು. ಕಾಫಿ ಮುಗಿಸಿ ಹೊರಟಾಗ ಮಂಜು ಸರಿದಿತ್ತು. ಕುಶಾಲನಗರದ ಕಡೆಯ ಇಳಿಜಾರಿನಲ್ಲಿ ಕಾರು ಸದ್ದಿಲ್ಲದೆ, ಬ್ಯಾಟರಿ ತುಂಬಿಕೊಳ್ಳುತ್ತಾ ಸಾಗಿತು.