ಷೆಂಗೆನ್: ಮೂರು ದೇಶ, ಒಂದು ಸೇತುವೆ, ಒಂದು ವಿಮಾಪತ್ರ

ಮೊಸೆಲ್ ನದಿಯ ಎಡದಂಡೆಯಲ್ಲಿ, ದ್ರಾಕ್ಷಿ ತೋಟಗಳ ಇಳಿಜಾರಿಗೆ ಒರಗಿದಂತೆ ಒಂದು ಪುಟ್ಟ ಊರು. ಹೊಳೆಯಾಚೆ ಕಾಣುವ ಪೆರ್ಲ್ ಜರ್ಮನಿಯದು. ದಂಡೆಗುಂಟ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಫ್ರಾನ್ಸಿನ ನೆಲ. ಊರು ಮಾತ್ರ ಲಕ್ಸೆಂಬರ್ಗ್ ಎಂಬ ಸಣ್ಣ ದೇಶದ್ದು. ಅದರ ಹೆಸರು ಷೆಂಗೆನ್.

ಮಗನೋ ಮಗಳೋ ಜರ್ಮನಿಯಲ್ಲಿ ಓದುತ್ತಿರುವ ಮನೆಗಳಲ್ಲಿ ಈ ಹೆಸರು ಹೊಸದಲ್ಲ. ‘ಷೆಂಗೆನ್ ವೀಸಾ ಬಂತೇ?’ ಎಂದು ನೆಂಟರು ವಿಚಾರಿಸುತ್ತಾರೆ. ಆದರೆ ಷೆಂಗೆನ್ ಎಂಬುದು ನಿಜವಾಗಿಯೂ ಒಂದು ಊರು, ಅಲ್ಲಿಗೆ ಬಸ್ಸು ಹೋಗುತ್ತದೆ, ಅಲ್ಲಿ ಜನ ದ್ರಾಕ್ಷಿ ಬೆಳೆದು ಬದುಕುತ್ತಾರೆ ಎಂಬುದು ಹಲವರಿಗೆ ತಿಳಿಯದು. ಮಕ್ಕಳನ್ನು ನೋಡಲು ಹೋದ ತಂದೆ ತಾಯಿ ಒಂದು ದಿನ ಬಿಡುವು ಮಾಡಿಕೊಂಡು ನೋಡಬೇಕಾದ ಜಾಗ ಇದು. ಕ್ರೆಡಿಟ್ ಕಾರ್ಡಿನ ಜೊತೆ ‘ಉಚಿತ’ವಾಗಿ ಬರುವ ಪ್ರಯಾಣ ವಿಮೆ ಎಲ್ಲಿಯವರೆಗೆ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನೂ ಈ ಊರಿನ ನೆಪದಲ್ಲಿ ತಿಳಿದುಕೊಳ್ಳಬಹುದು.

ಹಡಗಿನಲ್ಲಿ ಆದ ಸಹಿ

1985ರ ಜೂನ್ 14ರಂದು ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್ ಮತ್ತು ಅಂದಿನ ಪಶ್ಚಿಮ ಜರ್ಮನಿಯ ಪ್ರತಿನಿಧಿಗಳು ಇಲ್ಲಿ ಸೇರಿದರು. ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆದುಹಾಕುವ ಒಪ್ಪಂದಕ್ಕೆ ‘ಪ್ರಿನ್ಸೆಸ್ ಮರಿ-ಆಸ್ಟ್ರಿಡ್’ ಎಂಬ ಪ್ರವಾಸಿ ಹಡಗಿನಲ್ಲಿ ಕುಳಿತು ಸಹಿ ಹಾಕಿದರು. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮೊದಲೇ ಒಂದು ಕೂಟವಾಗಿದ್ದವು. ಆ ಕೂಟದ ನೆಲ ಫ್ರಾನ್ಸ್ ಮತ್ತು ಜರ್ಮನಿಗೆ ತಾಗುವ ಮೂಲೆ ಷೆಂಗೆನ್. ಜಾಗದ ಆಯ್ಕೆಯ ಹಿಂದಿನ ಅರ್ಥ ಇಷ್ಟೇ.

ಆ ಹಡಗು ನಿಂತಿದ್ದ ನೀರಿಗೂ ಒಂದು ವಿಶೇಷವಿದೆ. ಇಲ್ಲಿ ಮೊಸೆಲ್ ನದಿ ಲಕ್ಸೆಂಬರ್ಗ್ ಮತ್ತು ಜರ್ಮನಿಯ ಜಂಟಿ ಸ್ವತ್ತು. ಸಾಮಾನ್ಯವಾಗಿ ಎರಡು ದೇಶಗಳ ನಡುವಿನ ಹೊಳೆಯ ಮಧ್ಯದಲ್ಲಿ ಗೆರೆ ಎಳೆಯುತ್ತಾರೆ. ಇಲ್ಲಿ ಗೆರೆಯೇ ಇಲ್ಲ. 1816ರಿಂದ ನೀರು ಇಬ್ಬರದೂ ಹೌದು.

ಒಪ್ಪಂದ ಜಾರಿಗೆ ಬಂದದ್ದು ಹತ್ತು ವರ್ಷಗಳ ನಂತರ, 1995ರ ಮಾರ್ಚ್ 26ರಂದು. 2025ರ ಜನವರಿಯಲ್ಲಿ ರುಮೇನಿಯಾ ಮತ್ತು ಬಲ್ಗೇರಿಯಾದ ಭೂಗಡಿಗಳೂ ತೆರೆದುಕೊಂಡವು. ಹೀಗೆ ಷೆಂಗೆನ್ ವಲಯ 29 ದೇಶಗಳಿಗೆ ಹರಡಿತು. ಯುರೋಪಿಯನ್ ಒಕ್ಕೂಟಕ್ಕೆ ಸೇರದ ಸ್ವಿಟ್ಜರ್ಲೆಂಡ್ ಮತ್ತು ನಾರ್ವೆ ಈ ವಲಯದಲ್ಲಿವೆ. ಒಕ್ಕೂಟಕ್ಕೆ ಸೇರಿದ ಐರ್ಲೆಂಡ್ ಇದರಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ‘ಷೆಂಗೆನ್‌ಗೆ ಮಾತ್ರ’ ಎಂದು ಬರೆದ ವಿಮಾಪತ್ರ ಹಿಡಿದು ಲಂಡನ್ನಿನ ನೆಂಟರ ಮನೆಗೂ ಹೋಗಿಬರುವ ಯೋಜನೆ ಇದ್ದವರು ಇದನ್ನು ನೆನಪಿಡಬೇಕು.

ಊರು ಇಂದು

ನದಿಯ ದಂಡೆಯಲ್ಲಿ ನಕ್ಷತ್ರಗಳನ್ನು ಹೊತ್ತ ಮೂರು ಉಕ್ಕಿನ ಕಂಬಗಳಿವೆ. ಅವುಗಳ ಮೇಲೆ ಸದಸ್ಯ ರಾಷ್ಟ್ರಗಳ ಗುರುತುಗಳು. ಪಕ್ಕದಲ್ಲಿ 2010ರಲ್ಲಿ ತೆರೆದ ಯುರೋಪ್ ವಸ್ತುಸಂಗ್ರಹಾಲಯ. ಸಹಿ ನಡೆದ ಹಡಗು ಒಪ್ಪಂದಕ್ಕೆ ನಲವತ್ತು ತುಂಬಿದ 2025ರಲ್ಲಿ ಮತ್ತೆ ಈ ದಂಡೆಗೆ ಮರಳಿತು. ಊರಿನ ಹಳೆಯ ಕೋಟೆಮನೆಯ ಗೋಪುರವನ್ನು ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೊ 1871ರಲ್ಲಿ ರೇಖಾಚಿತ್ರವಾಗಿ ಬಿಡಿಸಿದ್ದ. ಇಷ್ಟು ಚರಿತ್ರೆಯ ನಡುವೆ ಪ್ರವಾಸಿಗರಿಗೆ ಬೆರಗಾಗುವುದು ಸಾಲುಸಾಲಾದ ಪೆಟ್ರೋಲ್ ಬಂಕುಗಳನ್ನು ಕಂಡು. ಲಕ್ಸೆಂಬರ್ಗಿನಲ್ಲಿ ತೆರಿಗೆ ಕಡಿಮೆ. ಅಕ್ಕಪಕ್ಕದ ಎರಡು ದೇಶದವರೂ ಇಲ್ಲಿಗೆ ಬಂದು ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ.

ಜರ್ಮನಿಯ ಟ್ರಿಯರ್‌ನಿಂದ ಪೆರ್ಲ್‌ವರೆಗೆ ರೈಲಿದೆ. ಅಲ್ಲಿಂದ ಸೇತುವೆ ದಾಟಿದರೆ ಷೆಂಗೆನ್. ಲಕ್ಸೆಂಬರ್ಗ್ ನಗರದ ಕಡೆಯಿಂದ ಬರುವವರಿಗೆ ಬಸ್ಸಿನ ಖರ್ಚೇ ಇಲ್ಲ. ಆ ದೇಶ 2020ರ ಫೆಬ್ರುವರಿ 29ರಿಂದ ಸಾರ್ವಜನಿಕ ಸಾರಿಗೆಯನ್ನು ಎಲ್ಲರಿಗೂ ಉಚಿತ ಮಾಡಿದೆ. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಬೇಕು. 2024ರ ಸೆಪ್ಟೆಂಬರ್ 16ರಂದು ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಾತ್ಕಾಲಿಕ ತಪಾಸಣೆಯನ್ನು ಮತ್ತೆ ಆರಂಭಿಸಿತು. ಗಡಿ ತೆಗೆದುಹಾಕಿದ ಊರಿನ ಪಕ್ಕದಲ್ಲೇ ಪೊಲೀಸರು ಕಾಗದ ಕೇಳಬಹುದು.

ಸೇತುವೆಯ ಮೇಲೆ ಜಾರಿದರೆ

ಜರ್ಮನಿಯಲ್ಲಿ ಓದುವ ಮಗಳ ಮನೆಯಲ್ಲಿ ಇಳಿದುಕೊಂಡ ತಂದೆ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬಂದಿಳಿದು ವಾರವಾಗಿದೆ ಎಂದುಕೊಳ್ಳೋಣ. ಚಳಿಗಾಲದ ಬೆಳಿಗ್ಗೆ ಪೆರ್ಲ್ ಕಡೆಯಿಂದ ಷೆಂಗೆನ್‌ಗೆ ನಡೆದು ಬರುವಾಗ ಮಂಜುಗಟ್ಟಿದ ಸೇತುವೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿಯಿತು. 112ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಯುರೋಪಿಯನ್ ಒಕ್ಕೂಟದಾದ್ಯಂತ ತುರ್ತು ಕರೆಗೆ ಇದೇ ಸಂಖ್ಯೆ. ಆದರೆ ಅದು ಲಕ್ಸೆಂಬರ್ಗಿನ ಆಸ್ಪತ್ರೆಗೆ ಒಯ್ಯಬಹುದು, ಜರ್ಮನಿಯ ಆಸ್ಪತ್ರೆಗೂ ಒಯ್ಯಬಹುದು. ಅವರ ಬಳಿ ಇರುವುದು ಜರ್ಮನಿಗೆ ಮಾತ್ರ ಅನ್ವಯಿಸುವ ವಿಮೆಯಾದರೆ ಗತಿಯೇನು?

ಷೆಂಗೆನ್ ವೀಸಾ ನಿಯಮ ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟಿದೆ. 2009ರ ವೀಸಾ ಸಂಹಿತೆಯ 15ನೇ ವಿಧಿಯ ಪ್ರಕಾರ ಅಲ್ಪಾವಧಿ ವೀಸಾಕ್ಕೆ ಅರ್ಜಿ ಹಾಕುವವರು ಪ್ರಯಾಣ ವೈದ್ಯಕೀಯ ವಿಮೆ ಹೊಂದಿರಬೇಕು. ಅದರ ಮೊತ್ತ ಕನಿಷ್ಠ 30,000 ಯೂರೋ, ಅಂದರೆ ಸುಮಾರು 30 ಲಕ್ಷ ರೂಪಾಯಿ. ವಿಮೆ ಇಡೀ ಷೆಂಗೆನ್ ವಲಯದಲ್ಲಿ, ಅಲ್ಲಿ ತಂಗುವ ಅಷ್ಟೂ ದಿನ ಜಾರಿಯಲ್ಲಿರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಕಾಯಿಲೆಯ ಕಾರಣ ಸ್ವದೇಶಕ್ಕೆ ವಾಪಸು ಕರೆತರುವ ಖರ್ಚು ಮತ್ತು ಸಾವು, ಇಷ್ಟೂ ಅದರೊಳಗೆ ಬರಬೇಕು. ಹಲವು ಬಾರಿ ಹೋಗಿಬರುವ ವೀಸಾ ಕೇಳುವವರು ಅರ್ಜಿಯ ಜೊತೆ ಮೊದಲ ಭೇಟಿಗೆ ಮಾತ್ರ ವಿಮೆ ತೋರಿಸಿದರೆ ಸಾಕು. ಮುಂದಿನ ಪ್ರತಿ ಭೇಟಿಗೂ ವಿಮೆ ಮಾಡಿಸುವ ಹೊಣೆ ಅವರದೇ. ಎರಡನೆಯ ಸಲ ಹೊರಟಾಗ ವೀಸಾ ಕೈಯಲ್ಲಿರುವುದರಿಂದ ಯಾರೂ ವಿಮೆ ಕೇಳುವುದಿಲ್ಲ. ಮರೆವು ಆಗುವುದು ಅಲ್ಲೇ.

ಕಾರ್ಡಿನಲ್ಲಿ ಇರುವುದೇನು?

‘ನಮ್ಮ ಕಾರ್ಡಿನಲ್ಲೇ ಒಂದು ಕೋಟಿಯ ವಿಮೆ ಇದೆಯಲ್ಲ, ಬೇರೆ ಏಕೆ?’ ಎಂಬ ಮಾತು ಬರುವುದು ಈ ಹಂತದಲ್ಲಿ. ಮಾತು ಸುಳ್ಳಲ್ಲ. ಆದರೆ ಆ ಒಂದು ಕೋಟಿ ಯಾವುದಕ್ಕೆ ಎಂಬುದನ್ನು ಓದಬೇಕು. ಭಾರತದ ಹೆಚ್ಚಿನ ಕಾರ್ಡುಗಳಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ದೊಡ್ಡ ಮೊತ್ತ ವಿಮಾನ ಅಪಘಾತದಲ್ಲಿ ಸತ್ತರೆ ಕೊಡುವ ಪರಿಹಾರ. ವಿಮಾನ ಅಪಘಾತ ಬಹಳ ಅಪರೂಪ. ಜಾರಿ ಬೀಳುವುದು, ಎದೆನೋವು, ಜ್ವರ ಅಪರೂಪವಲ್ಲ. ವಿದೇಶದಲ್ಲಿ ಆಸ್ಪತ್ರೆ ಖರ್ಚು ಕೊಡುವ ವಿಮೆ ಸಾಮಾನ್ಯವಾಗಿ ವಾರ್ಷಿಕ ಶುಲ್ಕ ಹೆಚ್ಚಿರುವ ಕಾರ್ಡುಗಳಲ್ಲಿ ಮಾತ್ರ ಸಿಗುತ್ತದೆ. ಸೇತುವೆಯ ಮೇಲೆ ಮುರಿದ ಮೂಳೆಗೆ ವಿಮಾನ ಅಪಘಾತದ ವಿಮೆಯಿಂದ ಒಂದು ಕಾಸೂ ಹುಟ್ಟದು.

ಎರಡನೆಯದು, ಈ ವಿಮೆ ಯಾರದು ಎಂಬ ಪ್ರಶ್ನೆ. ಬ್ಯಾಂಕು ಯಾವುದೋ ವಿಮಾ ಕಂಪನಿಯಿಂದ ತನ್ನ ಗ್ರಾಹಕರೆಲ್ಲರ ಪರವಾಗಿ ಒಂದು ಸಾಮೂಹಿಕ ವಿಮಾಪತ್ರ ಕೊಳ್ಳುತ್ತದೆ. ಪತ್ರ ಬ್ಯಾಂಕಿನ ಬಳಿ ಇರುತ್ತದೆ. ಕಾರ್ಡುದಾರನ ಹೆಸರಿನಲ್ಲಿ ಬೇರೆ ಕಾಗದ ಇರುವುದಿಲ್ಲ. ನವೀಕರಣದ ಸಮಯದಲ್ಲಿ ವಿಮಾ ಕಂಪನಿ ಬದಲಾಗಬಹುದು, ಮೊತ್ತ ಇಳಿಯಬಹುದು, ಸೌಲಭ್ಯವೇ ನಿಲ್ಲಬಹುದು. ಕಾರ್ಡು ಪಡೆದಾಗ ಬಂದ ಹಳೆಯ ಕಿರುಹೊತ್ತಿಗೆಯನ್ನು ನಂಬಿ ಕೂರುವಂತಿಲ್ಲ.

ಮೂರನೆಯದು, ವಿಮೆ ‘ಎಚ್ಚರಗೊಳ್ಳುವ’ ಷರತ್ತು. ಟಿಕೆಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕು ಎಂಬುದು ಸಾಮಾನ್ಯ ನಿಯಮ. ಪ್ರಯಾಣಕ್ಕೆ ಹಿಂದಿನ ಇಂತಿಷ್ಟು ದಿನಗಳಲ್ಲಿ ಕಾರ್ಡನ್ನು ಬಳಸಿರಬೇಕು ಎಂದು ಕೆಲವು ಬ್ಯಾಂಕುಗಳು ಹೇಳುತ್ತವೆ. ಏಜೆಂಟರಿಗೆ ನಗದು ಕೊಟ್ಟು ಟಿಕೆಟ್ ಮಾಡಿಸಿದವರ ಕಾರ್ಡು ಇಂಥಲ್ಲಿ ಮಲಗಿಯೇ ಇರುತ್ತದೆ.

ನಾಲ್ಕನೆಯದು ವಿದ್ಯಾರ್ಥಿಗಳ ಮನೆಯವರಿಗೆ ಎಲ್ಲಕ್ಕಿಂತ ಮುಖ್ಯ. ಅಪ್ಪನ ಕಾರ್ಡಿನಿಂದ ಮಗನ ಟಿಕೆಟ್ ಕೊಂಡರೆ ಮಗನಿಗೆ ವಿಮೆ ಬರುತ್ತದೆಯೇ? ಹೆಚ್ಚಿನ ಕಾರ್ಡುಗಳಲ್ಲಿ ವಿಮೆ ಕಾರ್ಡುದಾರನಿಗೆ ಮಾತ್ರ. ಹೆಂಡತಿ, ಮಕ್ಕಳು, ಹೆಚ್ಚುವರಿ ಕಾರ್ಡು ಪಡೆದವರು ಸೇರುತ್ತಾರೋ ಇಲ್ಲವೋ ಎಂಬುದನ್ನು ಷರತ್ತಿನ ಪುಟದಲ್ಲಿ ಹುಡುಕಬೇಕು. ಹಣ ಕೊಟ್ಟ ಅಪ್ಪ ಊರಿನಲ್ಲಿರುತ್ತಾನೆ. ಪ್ರಯಾಣ ಮಾಡುವ ಮಗ ವಿಮೆಯ ಹೊರಗಿರುತ್ತಾನೆ.

ಐದನೆಯದು ಕಾಯಿಲೆ ಮತ್ತು ವಯಸ್ಸು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡದ್ದು, ಇವೆಲ್ಲ ‘ಮೊದಲೇ ಇದ್ದ ಕಾಯಿಲೆ’ಯ ಪಟ್ಟಿಗೆ ಸೇರುತ್ತವೆ. ಕಾರ್ಡಿನ ವಿಮೆಯಲ್ಲಿ ಇವನ್ನು ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ, ಏಕೆಂದರೆ ಅರ್ಜಿಯನ್ನೇ ತುಂಬಿರುವುದಿಲ್ಲ. ಪ್ರತ್ಯೇಕವಾಗಿ ಕೊಂಡ ವಿಮೆಯಲ್ಲಿ ಕಾಯಿಲೆಯನ್ನು ಮೊದಲೇ ತಿಳಿಸಿ, ಯಾವುದು ಒಳಗೆ ಯಾವುದು ಹೊರಗೆ ಎಂದು ಬರಹದಲ್ಲಿ ಕೇಳಬಹುದು. ಮುಚ್ಚಿಟ್ಟರೆ ಅಲ್ಲಿಯೂ ಹಣ ಸಿಗದು.

ಹೀಗೆಂದು ಕಾರ್ಡಿನ ವಿಮೆ ನಿರುಪಯೋಗಿ ಎನ್ನಲಾಗದು. ಅದರಲ್ಲಿ ವೈದ್ಯಕೀಯ ವಿಮೆ ನಿಜವಾಗಿಯೂ ಇದ್ದರೆ, ಪ್ರಯಾಣಿಕನ ಹೆಸರು, ದಿನಾಂಕಗಳು, ಷೆಂಗೆನ್ ವಲಯ, 30,000 ಯೂರೋಗೆ ಕಡಿಮೆಯಿಲ್ಲದ ಮೊತ್ತ, ಇವನ್ನೆಲ್ಲ ನಮೂದಿಸಿದ ಪ್ರಮಾಣಪತ್ರವನ್ನು ವಿಮಾ ಕಂಪನಿಯಿಂದ ಕೇಳಬೇಕು. ಕೊಟ್ಟರೆ ಅದನ್ನು ಅರ್ಜಿಗೆ ಲಗತ್ತಿಸಬಹುದು. ಕೊಡದಿದ್ದರೆ ಪ್ರತ್ಯೇಕ ವಿಮೆ ಕೊಳ್ಳುವುದೇ ದಾರಿ.

ಪೆಟ್ಟಿಗೆ ಬಾರದಿದ್ದರೆ

ಕಾರ್ಡಿನ ವಿಮೆ ಹೆಚ್ಚು ನೆರವಿಗೆ ಬರುವುದು ಸಾಮಾನು ಕಳೆದಾಗ ಅಥವಾ ತಡವಾದಾಗ. ಇಲ್ಲಿ ವಿಮೆಗಿಂತ ಮೊದಲು ವಿಮಾನ ಸಂಸ್ಥೆಯ ಹೊಣೆ ಬರುತ್ತದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರಂತೆ ಪೆಟ್ಟಿಗೆ ಒಡೆದಿದ್ದರೆ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ವಿಮಾನ ನಿಲ್ದಾಣದಿಂದ ಹೊರಬರುವ ಮೊದಲೇ ಸಾಮಾನಿನ ಕೌಂಟರಿನಲ್ಲಿ ದೂರು ದಾಖಲಿಸಿ ರಸೀತಿ ಪಡೆಯುವುದು ಕ್ಷೇಮ. ಆ ರಸೀತಿ, ಬೋರ್ಡಿಂಗ್ ಪಾಸ್, ಪೆಟ್ಟಿಗೆಯ ಚೀಟಿ ಇಲ್ಲದೆ ಕಾರ್ಡಿನ ವಿಮೆಯವರ ಬಳಿ ಹೋಗಿ ಪ್ರಯೋಜನವಿಲ್ಲ. ಮಗಳಿಗೆಂದು ಕಟ್ಟಿಸಿಕೊಂಡ ಚಟ್ನಿಪುಡಿಗೆ ಯಾರೂ ಬೆಲೆ ಕಟ್ಟಲಾರರು. ಆದರೆ ತಣ್ಣನೆಯ ಊರಿನಲ್ಲಿ ಬರಿಗೈಲಿ ಇಳಿದವರಿಗೆ ಹೊಸ ಸ್ವೆಟರಿನ ಬಿಲ್ಲನ್ನಾದರೂ ವಸೂಲು ಮಾಡಿಕೊಳ್ಳಲು ಸಾಧ್ಯ.

ಓದುವ ಮಕ್ಕಳಿಗೆ ಬೇರೆ ಲೆಕ್ಕ

ಜರ್ಮನಿಗೆ ಓದಲು ಹೋಗುವ ವಿದ್ಯಾರ್ಥಿಯದು ಅಲ್ಪಾವಧಿಯ ಷೆಂಗೆನ್ ವೀಸಾ ಅಲ್ಲ, ಆ ದೇಶದ ದೀರ್ಘಾವಧಿ ವೀಸಾ. ಆರೋಗ್ಯ ವಿಮೆ ಇಲ್ಲದೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ದಾಖಲಾಗದು. ಸಾಮಾನ್ಯವಾಗಿ 30 ವರ್ಷ ತುಂಬುವವರೆಗೆ ವಿದ್ಯಾರ್ಥಿ ದರದ ಸಾರ್ವಜನಿಕ ವಿಮೆ ಸಿಗುತ್ತದೆ. ಕಾರ್ಡಿನ ಪ್ರಯಾಣ ವಿಮೆ ಇದಕ್ಕೆ ಬದಲಿಯಾಗದು. ಅದು ಕೆಲವು ವಾರಗಳ ಪ್ರವಾಸಕ್ಕಾಗಿ ರೂಪಿಸಿದ್ದು. ವಿಮಾನ ಇಳಿದ ದಿನದಿಂದ ಪ್ರವೇಶ ದಾಖಲಾಗುವ ದಿನದವರೆಗಿನ ನಡುವಿನ ಅವಧಿಗೆ ವಿಮೆ ಇದೆಯೇ ಎಂದು ವಿದ್ಯಾರ್ಥಿ ನೋಡಿಕೊಳ್ಳಬೇಕು.

ಜರ್ಮನಿಯ ಸಾರ್ವಜನಿಕ ವಿಮೆಯ ಕಾರ್ಡಿನ ಹಿಂಬದಿ ಯುರೋಪಿನ ಇತರ ದೇಶಗಳಲ್ಲೂ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಷೆಂಗೆನ್‌ನ ಸೇತುವೆ ದಾಟುವ ವಿದ್ಯಾರ್ಥಿಗೆ ಲಕ್ಸೆಂಬರ್ಗಿನಲ್ಲಿ ಅದೇ ಸಾಕು. ಆದರೆ ಭಾರತದ ಪ್ರಜೆಯಾದ ವಿದ್ಯಾರ್ಥಿಗೆ ಸ್ವಿಟ್ಜರ್ಲೆಂಡ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಅದು ನಡೆಯದು. ರಜೆಯಲ್ಲಿ ಗೆಳೆಯರ ಜೊತೆ ಆಲ್ಪ್ಸ್ ಬೆಟ್ಟಕ್ಕೆ ಹೊರಡುವವರು ಆ ಮೂರು ನಾಲ್ಕು ದಿನಕ್ಕೆ ಬೇರೆ ಪ್ರಯಾಣ ವಿಮೆ ಮಾಡಿಸಬೇಕು. ಹಿಮದಲ್ಲಿ ಜಾರುವ ಆಟಕ್ಕೆ ಅದು ಅನ್ವಯಿಸುತ್ತದೆಯೇ ಎಂದೂ ಕೇಳಬೇಕು. ಸಾಹಸ ಕ್ರೀಡೆಗಳನ್ನು ಹೊರಗಿಡುವ ವಿಮೆಗಳೇ ಹೆಚ್ಚು.

ಮನೆಯಲ್ಲಿ ಉಳಿಯುವವರಿಗೆ

ಈ ವಿಷಯದಲ್ಲಿ ಪ್ರಯಾಣ ಮಾಡುವವರಷ್ಟೇ ಹೊಣೆ ಊರಿನಲ್ಲಿ ಉಳಿಯುವವರಿಗೂ ಇದೆ. ರೈಲ್ವೆಯ ಇ-ಟಿಕೆಟ್ ಕೊಳ್ಳುವಾಗ ಒಂದು ರೂಪಾಯಿಗೂ ಕಡಿಮೆ ಕೊಟ್ಟರೆ ಹತ್ತು ಲಕ್ಷದ ವಿಮೆ ಬರುತ್ತದೆ. ನಂತರ ನಾಮಿನಿಯ ಹೆಸರು ತುಂಬಲು ಮೊಬೈಲಿಗೆ ಸಂದೇಶವೂ ಬರುತ್ತದೆ. ಅದನ್ನು ತೆರೆದೂ ನೋಡದವರು ಎಷ್ಟೋ ಮಂದಿ. ಕಾರ್ಡಿನ ವಿಮೆಗೂ ಇದೇ ಗತಿ. ನಾಮಿನಿಯ ಹೆಸರು ಬ್ಯಾಂಕಿಗೆ ತಿಳಿಸಿರುವುದಿಲ್ಲ. ವಿಮೆ ಇದೆ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಅವಘಡ ನಡೆದ ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬ ಷರತ್ತು ದುಃಖದ ನಡುವೆ ಕಳೆದುಹೋಗುತ್ತದೆ.

ಆದ್ದರಿಂದ ಬ್ಯಾಂಕಿಗೆ ಪ್ರಶ್ನೆ ಕೇಳಬೇಕಾದದ್ದು ಟಿಕೆಟ್ ಕೊಳ್ಳುವ ಮೊದಲು. ಕೊಂಡ ಮೇಲೆ ಕೇಳಿದರೆ ಷರತ್ತು ಪೂರೈಸುವ ಅವಕಾಶ ತಪ್ಪಿರುತ್ತದೆ. ವಿಮೆ ಯಾರಿಗೆ, ಯಾವುದಕ್ಕೆ, ಎಷ್ಟು ದಿನ, ಯಾವ ದೇಶಗಳಲ್ಲಿ, ತುರ್ತಿನಲ್ಲಿ ಯಾವ ಸಂಖ್ಯೆಗೆ ಕರೆ ಮಾಡಬೇಕು, ಈ ಐದಕ್ಕೂ ಉತ್ತರ ಬರಹದಲ್ಲಿ ಪಡೆಯಬೇಕು. ಅದರ ಒಂದು ಪ್ರತಿ ಪಾಸ್‌ಪೋರ್ಟಿನ ಜೊತೆ, ಇನ್ನೊಂದು ಅಲ್ಲಿ ಓದುವ ಮಗಳ ಕೈಯಲ್ಲಿ, ಮತ್ತೊಂದು ಊರಿನ ಮನೆಯ ಬೀರುವಿನಲ್ಲಿ ಇರಲಿ. ವಿಮಾನ ಏರುವ ಮೊದಲು ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದನ್ನೂ ಮನೆಯವರಿಗೆ ಹೇಳಿ ಹೋಗುವುದು ಒಳ್ಳೆಯದು.