ಸಾಬೂನಿನ ಕೈಲಾಸ

ಏಳನೆಯ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗನಿಗೆ ಎಲ್ಲೋರದ ಕೈಲಾಸ ದೇವಾಲಯದ ಮಾದರಿ ಮಾಡಿ, ಎರಡು ಪುಟ ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ಡೊಂಬಿವಲಿಯ ನಮ್ಮ ಎರಡು ಖೋಲಿಯ ಮನೆತುಂಬ ರಟ್ಟು, ಗೋಂದು. ಹುಡುಗ ಗೋಡೆ ನಿಲ್ಲಿಸಿ ಶಿಖರ ಏರಿಸುತ್ತಿದ್ದ.

"ತಮ್ಮಾ, ಅದು ಕಟ್ಟಿದ ಗುಡಿ ಅಲ್ಲೋ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ್ದು" ಎಂದೆ.

ಕೂಡಲೇ ರಟ್ಟು ಬಿಸುಟು ಬಟ್ಟೆ ಒಗೆಯುವ ಸಾಬೂನು ತಂದ. ಅರ್ಧ ಗಂಟೆಯಲ್ಲಿ ಶಿಖರವೇ ಮುರಿಯಿತು. ಎರಡನೆಯದು ತಂದ. (ಸೊಸೆ ಏನೆಂದಳೆಂಬುದನ್ನು ಇಲ್ಲಿ ಬರೆಯುವುದು ಬೇಡ.)

"ಇದನ್ನು ಮಾಡಿದವರು ಯಾರು?"

"ರಾಷ್ಟ್ರಕೂಟರ ಒಂದನೆಯ ಕೃಷ್ಣ, 8ನೆಯ ಶತಮಾನ."

"ರಾಜನೇ ಉಳಿ ಹಿಡಿದನೇನು ಅಜ್ಜಾ?"

ಶಿಲ್ಪಿಯ ಹೆಸರು ಅಲ್ಲಿ ಉಳಿದಿಲ್ಲ. ಆದರೆ ಕೈಲಾಸಕ್ಕೆ ಸ್ಫೂರ್ತಿಯೆಂದು ವಿದ್ವಾಂಸರು ಹೇಳುವ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನಮ್ಮ ಊರ ಕಡೆಯದು. ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರು ಅಲ್ಲಿನ ಶಾಸನದಲ್ಲಿದೆ. ಹೆಮ್ಮೆಯಿಂದಲೇ ಹಳೆಯ ಪುಸ್ತಕ ತೆಗೆದು ಶಾಸನದ ಚಿತ್ರ ತೋರಿಸಿದೆ.

"ಇದು ಕನ್ನಡ ಅಲ್ಲೇನು? ಓದು ಅಜ್ಜಾ."

ಕನ್ನಡವೇ. ಆದರೆ ಹನ್ನೆರಡು ಶತಮಾನಗಳಿಗೂ ಹಿಂದಿನ ಲಿಪಿ. ಬೆರಳಿಟ್ಟು ಹುಡುಕಿದೆ, ಗುಂಡನ ಹೆಸರು ನನಗೆ ಸಿಗಲಿಲ್ಲ. ಕನ್ನಡ ಓದಲು ಕಲಿಯಲೊಲ್ಲೆ ಎನ್ನುವ ಹುಡುಗನನ್ನು ದಿನವೂ ಗದರಿಸುವವನು ನಾನು. ಆ ಸಂಜೆ ಗದರಿಸಲಿಲ್ಲ. ಕೆಳಗೆ ಅಚ್ಚಾದ ಪಾಠವನ್ನು ನಾನು ಅಕ್ಷರ ಅಕ್ಷರವಾಗಿ ಹೇಳುತ್ತ ಹೋದೆ. ಅವನು ಸಾಬೂನಿನ ಕೈಯಲ್ಲೇ ಕಲ್ಲಿನ ಮೇಲಿನ 'ಗು' ಹುಡುಕುತ್ತಿದ್ದ.