ಮಳೆಗಾಲದ ದೋಣಿಗೊಂದು ಹೊದಿಕೆ

ನಮ್ಮ ಪಶ್ಚಿಮ ಕರಾವಳಿಯಲ್ಲಿ ದೋಣಿಗಳು ದಡ ಸೇರಿ ಮಲಗುವುದು ಚಳಿಗಾಲದಲ್ಲಲ್ಲ, ಮಳೆಗಾಲದಲ್ಲಿ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧವಿರುತ್ತದೆ. ಆ ಹೊತ್ತಿಗೆ ಮುಂಬಯಿಯ ವರ್ಸೋವಾ ದಂಡೆಯಲ್ಲಿ ಕೋಲಿ ಸಮುದಾಯದವರು ದೋಣಿಗಳನ್ನು ಮೇಲೆಳೆದು ಬಿದಿರು ಕಟ್ಟಿ ಟಾರ್ಪಾಲು ಹೊದಿಸುತ್ತಾರೆ. ನಾನು ಹೊದಿಕೆಯ ಲಕ್ಷಣಗಳನ್ನು ಅರಿತದ್ದು ಅಲ್ಲಿ, ಸಂಜೆಯ ನಡಿಗೆಯಲ್ಲಿ ನಿಂತು ನೋಡುತ್ತಾ.

ಉಡುಪಿ ಸಮೀಪದ ನಮ್ಮ ಮನೆಯ ಹಿತ್ತಲಲ್ಲೂ ಅಪ್ಪನ ಕಾಲದ ಮರದ ದೋಣಿಯೊಂದಿದೆ. ಅಪ್ಪ ಅದಕ್ಕೆ ಹೆಣೆದ ತೆಂಗಿನ ಮಡಲನ್ನು ಹೊದಿಸುತ್ತಿದ್ದರು. ಈಗ ಊರಿನಲ್ಲಿ ಮರ ಹತ್ತುವವರೂ ಮಡಲು ಹೆಣೆಯುವವರೂ ವಿರಳ. ಆದ್ದರಿಂದ ಪ್ರತಿ ಮೇ ತಿಂಗಳಲ್ಲಿ ಹೊದಿಕೆಯನ್ನು ಆರಿಸಿ ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ವರ್ಷ ಅಣ್ಣ, "ನನಗೂ ಅರವತ್ತು ದಾಟಿತು, ದೋಣಿಯನ್ನು ಮಾರಿಬಿಡೋಣವೇ? ಅಲ್ಲಿಯವರೆಗೆ ಅಗ್ಗದ ನೀಲಿ ಹಾಳೆ ಸಾಕು" ಎಂದ.

ಅಗ್ಗದ ಹಾಳೆ ಏಕೆ ಸಾಲದು? ಮರಕ್ಕೆ ಕಡಲ ನೀರಿಗಿಂತ ಮಳೆನೀರು ಹೆಚ್ಚು ಅಪಾಯಕಾರಿ. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ಸಿಹಿನೀರು ಹಲಗೆಯಲ್ಲಿ ನಿಂತರೆ ಮರ ಒಳಗಿನಿಂದಲೇ ಕೊಳೆಯುತ್ತದೆ. ಹೊದಿಕೆ ಇಳಿಜಾರಾಗಿರದೆ ಜೋತುಬಿದ್ದರೆ ಇನ್ನೊಂದು ಕಷ್ಟ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರಿನ ತಗ್ಗಿನಲ್ಲಿ 100 ಮಿಲಿಮೀಟರ್ ಮಳೆ ನಿಂತರೆ ಒಂದು ಟನ್ ಭಾರ. ಕರಾವಳಿಯ ಆಷಾಢದಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬೀಳುವುದು ಅಪರೂಪವಲ್ಲ.

ಹಾಗೆಂದು ದೋಣಿಯನ್ನು ಬಿಗಿಯಾಗಿ ಸುತ್ತಿದರೂ ಕೆಡುಕೇ. ನೆಲದ ತೇವ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಟ್ಟಿ ಹಲಗೆಯ ಮೇಲೆಯೇ ಉದುರುತ್ತದೆ. ಮಡಲಿನ ಗುಣವಿದ್ದದ್ದು ಇಲ್ಲಿಯೇ: ಮಳೆಯನ್ನು ಜಾರಿಸುತ್ತಿತ್ತು, ಗಾಳಿಯನ್ನು ಬಿಡುತ್ತಿತ್ತು. ಹತ್ತಿಯ ಕ್ಯಾನ್ವಾಸು ಉಸಿರಾಡುತ್ತದೆ, ಆದರೆ ನೆನೆದು ಭಾರವಾಗಿ ತಾನೇ ಕೊಳೆಯುತ್ತದೆ. ತೆಳು ಹಾಳೆ ಬಿಸಿಲಿಗೆ ಪುಡಿಯಾಗುತ್ತದೆ.

ಹೀಗಾಗಿ ನಾನು ದಪ್ಪನೆಯ ಪ್ಲಾಸ್ಟಿಕ್ ಟಾರ್ಪಾಲನ್ನೇ ಕೊಂಡೆ. ಜೊತೆಗೆ ಅಣ್ಣನಿಗೆ ಹೇಳಿದ್ದು ಇಷ್ಟು: ದೋಣಿಯ ಉದ್ದಕ್ಕೂ ನಡುವೆ ಎತ್ತರದಲ್ಲಿ ಬಿದಿರು ಕಟ್ಟು, ಎರಡೂ ತುದಿಗಳನ್ನು ತೆರೆದಿಡು, ಅಂಚುಗಳು ನೆಲ ಮುಟ್ಟದಿರಲಿ, ಉಜ್ಜುವ ಮೂಲೆಗಳಿಗೆ ಹಳೆಯ ಬಲೆ ಸುತ್ತು, ತಳದ ಬಿರಡೆ ತೆಗೆದಿಡು, ಒಳನುಗ್ಗಿದ ನೀರು ಹೊರಹೋಗಲಿ.

"ಮಾರುವ ದೋಣಿಗೆ ಇಷ್ಟೆಲ್ಲ ಏಕೆ?" ಎಂದು ಆತ ಕೇಳಿದ. ಕೊಳ್ಳುವವನೂ ಅದನ್ನು ಕಡಲಿಗೇ ಇಳಿಸುವನಲ್ಲವೇ, ಎಂದೆ. ಅಮ್ಮ ಪಕ್ಕದಲ್ಲಿಯೇ ಇದ್ದರು, ಏನೂ ಹೇಳಲಿಲ್ಲ.

ಜೂನ್ ಮೊದಲ ವಾರ ಅಣ್ಣ ಮತ್ತೆ ಫೋನ್ ಮಾಡಿದ. ಹೇಳಿದಂತೆಯೇ ಕಟ್ಟಿದ್ದಾನೆ; ಬೆಳಗ್ಗೆ ಕೈಯಿಟ್ಟು ನೋಡಿದರೆ ಹಲಗೆ ಒಣಗಿಯೇ ಇದೆಯಂತೆ. ಸಂದುಗಳಿಗೆ ತುಂಬಲು ಒಳ್ಳೆಯ ಹತ್ತಿ ಮುಂಬಯಿಯಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿದ. ಮಾರುವ ಮಾತನ್ನು ಆತ ಎತ್ತಲಿಲ್ಲ, ನಾನೂ ಕೇಳಲಿಲ್ಲ.